ದೆವ್ವ ಬಂದದ್ದು ಖಾತೆ ಕೇಳಲು

ಮದುವೆಯ ದಿನ. ಕೋಟೆಯೊಳಗಿನ ಪ್ರಾರ್ಥನಾ ಮಂದಿರದಲ್ಲಿ ನೆಂಟರಿಷ್ಟರು ಸೇರಿದ್ದಾರೆ, ವಧು ಬಂದಿದ್ದಾಳೆ, ವರನ ಸುಳಿವಿಲ್ಲ. ಕರೆತರಲು ಹೋದ ಆಳು ಏದುಸಿರು ಬಿಡುತ್ತ ಓಡಿಬಂದು, ಬಾಯಿಂದ ಮಾತು ಹೊರಡದೆ, ಅಂಗಳದತ್ತ ಕೈ ತೋರಿಸುತ್ತಾನೆ. ಹೋಗಿ ನೋಡಿದರೆ ಅಲ್ಲೊಂದು ಶಿರಸ್ತ್ರಾಣ. ಮನುಷ್ಯರು ತೊಡುವುದರ ನೂರು ಪಟ್ಟು ಗಾತ್ರ, ನೆತ್ತಿಯ ಮೇಲೆ ಕರಿ ಗರಿಗಳ ರಾಶಿ. ಅದರಡಿ ಹದಿನೈದು ವರ್ಷದ ವರ ಅಪ್ಪಚ್ಚಿಯಾಗಿದ್ದಾನೆ. ಎಲ್ಲಿಂದ ಬಿತ್ತು, ಯಾರು ಎಸೆದರು, ಯಾರಿಗೂ ತಿಳಿಯದು. ಹುಡುಗನ ಅಪ್ಪ ಮ್ಯಾನ್‌ಫ್ರೆಡ್, ಕೋಟೆಯ ಒಡೆಯ, ಮಗನ ಹೆಣಕ್ಕಿಂತ ಹೆಚ್ಚಾಗಿ ಆ ಶಿರಸ್ತ್ರಾಣವನ್ನೇ ದಿಟ್ಟಿಸುತ್ತಾನೆ. ಅಂದೇ ಸಂಜೆ, ಸೊಸೆಯಾಗಬೇಕಿದ್ದ ಇಸಾಬೆಲ್ಲಾಳನ್ನು ಕರೆಸಿ ತಾನೇ ಅವಳನ್ನು ಮದುವೆಯಾಗುವುದಾಗಿ ಹೇಳುತ್ತಾನೆ. ಕಟ್ಟಿಕೊಂಡ ಹೆಂಡತಿ ಅದೇ ಕೋಟೆಯಲ್ಲಿ ಬದುಕಿದ್ದಾಳೆ, ಮಗನಿಗಾಗಿ ಅಳುತ್ತಿದ್ದಾಳೆ.

1764ರ ಡಿಸೆಂಬರ್ 24ರಂದು ಲಂಡನ್ನಿನಲ್ಲಿ ಐನೂರು ಪ್ರತಿಗಳಲ್ಲಿ ಹೊರಬಂದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಶುರುವಾಗುವುದು ಹೀಗೆ. ಇಂಗ್ಲಿಷಿನ ಮೊದಲ ಗೋಥಿಕ್ ಕಾದಂಬರಿ ಎಂದು ಇದನ್ನೇ ಹೆಸರಿಸುತ್ತಾರೆ. ಪಾಳುಕೋಟೆ, ನೆಲಮಾಳಿಗೆ, ಸುರಂಗ, ಸರಿಯಾದ ಹೊತ್ತಿಗೆ ಆರಿಹೋಗುವ ದೀಪ, ಬೆನ್ನಟ್ಟಿ ಬರುವ ಯಜಮಾನ, ಓಡುವ ಹುಡುಗಿ: ನಿನ್ನೆ ಬಿಡುಗಡೆಯಾದ ಹಾರರ್ ಸಿನಿಮಾದವರೆಗೆ ನಡೆದು ಬಂದಿರುವ ಸರಂಜಾಮೆಲ್ಲ ಈ ತೆಳ್ಳನೆಯ ಪುಸ್ತಕದಲ್ಲಿದೆ.

ಗೋಥಿಕ್ ಎಂದರೆ ದೆವ್ವದ ಕತೆ ಎನ್ನುವುದು ರೂಢಿ. ತಪ್ಪೇನಲ್ಲ. ಆದರೆ ಈ ಪುಸ್ತಕಗಳನ್ನು ಒಂದರ ಬೆನ್ನಿಗೊಂದು ಓದಿದರೆ, ಇಲ್ಲಿನ ದೆವ್ವಗಳಿಗೆ ಒಂದು ನಿಶ್ಚಿತ ಕೆಲಸವಿರುವುದು ಕಾಣುತ್ತದೆ. ಕಂಡಕಂಡವರನ್ನು ಹೆದರಿಸಿಕೊಂಡು ತಿರುಗುವ ಬಿಡಾಡಿ ದೆವ್ವ ಅಪರೂಪ. ಇವು ಬರುವುದು ಆಸ್ತಿ ವಿಚಾರಕ್ಕೆ. ಯಾರದೋ ಜಮೀನು ಇನ್ಯಾರದೋ ಹೆಸರಿಗಾಗಿದೆ, ಉಯಿಲು ಸುಳ್ಳು, ಹೆಂಗಸಿನಿಂದ ಬಲವಂತವಾಗಿ ಸಹಿ ಮಾಡಿಸಿಕೊಳ್ಳುವ ಹುನ್ನಾರ ನಡೆದಿದೆ. ಅಲ್ಲಿಗೆ ದೆವ್ವ ಹಾಜರು. ಪಹಣಿ, ಪಾಲುಪಟ್ಟಿ, ಪೌತಿ ಖಾತೆ ಎಂದು ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ ಓದುಗರಿಗೆ ಈ ಸಾಹಿತ್ಯ ಬೇಗ ಒಲಿದೀತು ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಒಟ್ರಾಂಟೊ ಕೋಟೆಯ ತಕರಾರನ್ನೇ ನೋಡಿ. ಮ್ಯಾನ್‌ಫ್ರೆಡ್‌ನ ತಾತ ರಿಕಾರ್ಡೊ ನಿಜವಾದ ಒಡೆಯ ಆಲ್ಫಾನ್ಸೊನ ಮನೆಯಲ್ಲಿ ಊಳಿಗಕ್ಕಿದ್ದವನು. ಯಜಮಾನನಿಗೆ ವಿಷವಿಕ್ಕಿ, ಸುಳ್ಳು ಉಯಿಲು ಸೃಷ್ಟಿಸಿ ಕೋಟೆ ಲಪಟಾಯಿಸಿದ. ಮೂರನೇ ತಲೆಮಾರಿನಲ್ಲಿ ಆ ಸಾಲ ವಸೂಲಿಗೆ ಬಂದಿದೆ. ಅಸಲಿ ಒಡೆಯ ಕೋಟೆಯಲ್ಲಿ ಹಿಡಿಸಲಾರದಷ್ಟು ಬೆಳೆದಾಗ ಕೋಟೆ ಈ ವಂಶದ ಕೈತಪ್ಪುತ್ತದೆ ಎಂಬ ಭವಿಷ್ಯವಾಣಿ ಕತೆಯ ಮೊದಲಲ್ಲೇ ಬರುತ್ತದೆ. ಹಾಗಾಗಿಯೇ ಆಲ್ಫಾನ್ಸೊನ ದೆವ್ವ ತುಂಡುತುಂಡಾಗಿ, ಭಾರೀ ಗಾತ್ರದಲ್ಲಿ ಒಳಗೆ ಬರುತ್ತದೆ: ಮೊದಲು ಶಿರಸ್ತ್ರಾಣ, ಆಮೇಲೆ ಒಂದು ಕೋಣೆಯಲ್ಲಿ ಕಾಲು, ಮೆಟ್ಟಿಲ ತುದಿಯಲ್ಲಿ ಕವಚ ತೊಟ್ಟ ಕೈ. ಕೊನೆಯಲ್ಲಿ ಪೂರ್ತಿ ಆಕೃತಿ ಎದ್ದು ನಿಂತಾಗ ಗೋಡೆಗಳು ಕುಸಿಯುತ್ತವೆ. ಆ ಆಕೃತಿ ಆಡುವುದು ಒಂದೇ ಮಾತು, ತನ್ನ ನಿಜವಾದ ವಾರಸುದಾರ ಹಳ್ಳಿಯ ಯುವಕ ಥಿಯೊಡೋರ್ ಎಂದು. ತೀರ್ಪು ಹೇಳಿ ಸ್ವರ್ಗಕ್ಕೇರುತ್ತದೆ. ಅಷ್ಟರಲ್ಲಿ ಮ್ಯಾನ್‌ಫ್ರೆಡ್ ಕತ್ತಲಲ್ಲಿ ಇಸಾಬೆಲ್ಲಾ ಎಂದುಕೊಂಡು ಸ್ವಂತ ಮಗಳು ಮಟಿಲ್ಡಾಳನ್ನೇ ಇರಿದು ಕೊಂದಿದ್ದಾನೆ.

ಬರೆದವನು ಹೊರೇಸ್ ವಾಲ್‌ಪೋಲ್. ಬ್ರಿಟನ್ನಿನ ಮೊದಲ ಪ್ರಧಾನಿ ಎಂದು ಎಣಿಸಲಾಗುವ ರಾಬರ್ಟ್ ವಾಲ್‌ಪೋಲನ ಮಗ, ಸಂಸತ್ ಸದಸ್ಯ, ಅಪ್ಪ ಕೊಡಿಸಿದ ಹುದ್ದೆಗಳಿಂದ ಕೆಲಸವಿಲ್ಲದೆ ಸಂಬಳ ಎಣಿಸುತ್ತಿದ್ದ ಆಸಾಮಿ. ಥೇಮ್ಸ್ ದಂಡೆಯ ಟ್ವಿಕನಮ್‌ನಲ್ಲಿ 1740ರ ದಶಕದ ಕೊನೆಗೆ ಒಂದು ಪುಟ್ಟ ಮನೆ ಕೊಂಡು, ಅದಕ್ಕೆ ಗೋಪುರ, ತೆನೆ, ಬಣ್ಣದ ಗಾಜಿನ ಕಿಟಕಿ ಎಲ್ಲ ಅಂಟಿಸಿ ‘ಸ್ಟ್ರಾಬೆರಿ ಹಿಲ್’ ಎಂಬ ನಕಲಿ ಕೋಟೆ ಮಾಡಿಕೊಂಡಿದ್ದ. ಅದರ ಮೊಗಸಾಲೆಯ ಚಾವಣಿ ನೋಡಲು ವೆಸ್ಟ್‌ಮಿನ್‌ಸ್ಟರ್ ಅಬೆಯ ಕಲ್ಲಿನ ಕೆತ್ತನೆಯಂತೆ. ಮಾಡಿದ್ದು ಕಾಗದ ಅರೆದು ಅಚ್ಚುಹಾಕಿ. ನೋಡಲು ಬರುವವರಿಗೆ ಟಿಕೆಟ್ ಇತ್ತು, ದಿನಕ್ಕೆ ನಾಲ್ವರಿಗಷ್ಟೇ ಅವಕಾಶ. ಈ ಮನೆಯಲ್ಲಿ ಮಲಗಿದ್ದಾಗ ಒಂದು ದೊಡ್ಡ ಮೆಟ್ಟಿಲಸಾಲಿನ ತುದಿಯ ಕಟಕಟೆಯ ಮೇಲೆ ಕವಚ ತೊಟ್ಟ ರಾಕ್ಷಸ ಕೈಯೊಂದು ಕನಸಿನಲ್ಲಿ ಕಂಡಿತೆಂದೂ, ಸಂಜೆಗೇ ಬರೆಯಲು ಕೂತೆನೆಂದೂ ಅವನು ಗೆಳೆಯ ವಿಲಿಯಂ ಕೋಲ್‌ಗೆ 1765ರ ಮಾರ್ಚಿನಲ್ಲಿ ಪತ್ರ ಬರೆದ. ಕಾದಂಬರಿಯಲ್ಲಿ ತಾತನ ಚಿತ್ರ ನಿಟ್ಟುಸಿರುಬಿಟ್ಟು ಚೌಕಟ್ಟಿನಿಂದ ಕೆಳಗಿಳಿಯುವ ಸನ್ನಿವೇಶಕ್ಕೂ ಅವನ ಮೊಗಸಾಲೆಯಲ್ಲಿ ತೂಗುಹಾಕಿದ್ದ ಲಾರ್ಡ್ ಫಾಕ್‌ಲೆಂಡನ ಬಿಳಿ ಉಡುಪಿನ ಚಿತ್ರವೇ ಪ್ರೇರಣೆ.

ತಮಾಷೆಯೆಂದರೆ ಸುಳ್ಳು ದಾಖಲೆಯ ಈ ಕತೆ ಹೊರಬಂದದ್ದೂ ಸುಳ್ಳು ದಾಖಲೆಯಾಗಿಯೇ. ಮೊದಲ ಮುದ್ರಣದಲ್ಲಿ ವಾಲ್‌ಪೋಲನ ಹೆಸರಿಲ್ಲ. 1529ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾದ ಇಟಾಲಿಯನ್ ಪುಸ್ತಕ ಉತ್ತರ ಇಂಗ್ಲೆಂಡಿನ ಹಳೆಯ ಕ್ಯಾಥೊಲಿಕ್ ಮನೆತನವೊಂದರ ಗ್ರಂಥಭಂಡಾರದಲ್ಲಿ ಸಿಕ್ಕಿತು, ವಿಲಿಯಂ ಮಾರ್ಷಲ್ ಎಂಬವರು ಅನುವಾದಿಸಿದರು ಎಂದು ಮುನ್ನುಡಿ. ಎಲ್ಲ ಕಟ್ಟುಕತೆ. ಪುಸ್ತಕ ಖರ್ಚಾದ ಮೇಲೆ, 1765ರ ಎರಡನೇ ಮುದ್ರಣದಲ್ಲಿ, ತಾನೇ ಬರೆದದ್ದೆಂದು ಒಪ್ಪಿಕೊಂಡ. ‘ಗೋಥಿಕ್ ಕತೆ’ ಎಂಬ ಉಪಶೀರ್ಷಿಕೆ ಸೇರಿದ್ದೂ ಆಗಲೇ.

ಅದೇ ವರ್ಷ ಆಕ್ಸ್‌ಫರ್ಡಿನ ವಿಲಿಯಂ ಬ್ಲ್ಯಾಕ್‌ಸ್ಟೋನ್ ಇಂಗ್ಲಿಷ್ ಕಾನೂನಿನ ಮೇಲಿನ ತನ್ನ ದೊಡ್ಡ ವ್ಯಾಖ್ಯಾನದ ಮೊದಲ ಸಂಪುಟ ಪ್ರಕಟಿಸಿದ. ಅದರ ಮೂರನೇ ಸಂಪುಟದಲ್ಲಿ ಅವನು ಇಂಗ್ಲಿಷ್ ಕಾನೂನನ್ನು ಪೂರ್ವಿಕರಿಂದ ಬಂದ ಹಳೆಯ ಗೋಥಿಕ್ ಕೋಟೆಗೆ ಹೋಲಿಸುತ್ತಾನೆ: ಕಟ್ಟಿದ್ದು ಕತ್ತಿ-ಗುರಾಣಿಗಳ ಕಾಲದಲ್ಲಿ, ಈಗಿನವರ ವಾಸಕ್ಕೆ ಒಳಗೆ ಒಂದಿಷ್ಟು ರಿಪೇರಿಯಾಗಿದೆ, ಓಡಾಡಲು ದಾರಿ ಮಾತ್ರ ಸುತ್ತುಬಳಸು. ಕಾದಂಬರಿಕಾರನೂ ಕಾನೂನು ಪಂಡಿತನೂ ಒಂದೇ ದಶಕದಲ್ಲಿ ಒಂದೇ ಕಟ್ಟಡದೊಳಗೆ ಕಾಲಿಟ್ಟದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಹಿರಿಯ ಮಗನಿಗೇ ಎಲ್ಲ ಆಸ್ತಿ, ಮದುವೆಯಾದ ಹೆಂಗಸಿನ ಸೊತ್ತೆಲ್ಲ ಗಂಡನ ಹಿಡಿತಕ್ಕೆ, ಬಹುಮಟ್ಟಿಗೆ ಆಸ್ತಿಯಿದ್ದವನಿಗಷ್ಟೇ ಮತ: ಆ ಕಾಲದ ಇಂಗ್ಲೆಂಡಿನಲ್ಲಿ ಮನುಷ್ಯನ ಹಣೆಬರಹ ಬರೆಯುತ್ತಿದ್ದುದು ಸತ್ತವರ ಉಯಿಲುಗಳೇ. ಸತ್ತವರ ಕೈ ಬದುಕಿರುವವರ ಕೊರಳ ಮೇಲೆ ಇರುತ್ತಿತ್ತು. ಅಂಥಲ್ಲಿ ದೆವ್ವಕ್ಕೆ ನಂಬಿಕೆಯ ಬೆಂಬಲವೂ ಬೇಕಾಗಲಿಲ್ಲ.

ಕಪ್ಪು ಪರದೆಯ ಹಿಂದೆ

ವಾಲ್‌ಪೋಲನ ಅತಿರೇಕ ಎಲ್ಲರಿಗೂ ರುಚಿಸಲಿಲ್ಲ. 1778ರಲ್ಲಿ ಕ್ಲಾರಾ ರೀವ್ ‘ದಿ ಓಲ್ಡ್ ಇಂಗ್ಲಿಷ್ ಬ್ಯಾರನ್’ನಲ್ಲಿ ದೆವ್ವವನ್ನು ಹದ್ದುಬಸ್ತಿನಲ್ಲಿಟ್ಟು, ಕೊಲೆಯಾದ ಅಪ್ಪನ ಅಸ್ಥಿ ನೆಲದಡಿ ಸಿಕ್ಕು ಮಗನಿಗೆ ಹಕ್ಕು ಮರಳುವ ಕತೆ ಬರೆದಳು. ಕೊನೆಯ ಭಾಗ ಓದುತ್ತಿದ್ದರೆ ಕಾದಂಬರಿಯೋ ವಿಭಾಗಪತ್ರವೋ ಎಂದು ಗುಮಾನಿ ಬರುತ್ತದೆ. ಯಾರಿಗೆ ಎಷ್ಟು ಆಸ್ತಿ ಎಂಬ ಲೆಕ್ಕ ಅಷ್ಟು ಸವಿಸ್ತಾರ. ಆದರೆ ಈ ಪ್ರಕಾರಕ್ಕೆ ಜೀವ ತುಂಬಿದ್ದು ಆನ್ ರ‍್ಯಾಡ್‌ಕ್ಲಿಫ್. ‘ಒಟ್ರಾಂಟೊ’ ಬಂದ ವರ್ಷವೇ ಲಂಡನ್ನಿನ ವ್ಯಾಪಾರಿಯೊಬ್ಬನ ಮಗಳಾಗಿ ಹುಟ್ಟಿದ ಈಕೆ, 1794ರಲ್ಲಿ ‘ದಿ ಮಿಸ್ಟರೀಸ್ ಆಫ್ ಯುಡಾಲ್ಫೊ’ ಎಂಬ ನಾಲ್ಕು ಸಂಪುಟಗಳ ಕಾದಂಬರಿಗೆ 500 ಪೌಂಡ್ ಸಂಭಾವನೆ ಪಡೆದಳು. ಆ ಕಾಲಕ್ಕೆ ಅದು ಭಾರೀ ಮೊತ್ತ. ಕತೆ ನಡೆಯುವ ಇಟಲಿಯನ್ನು ಆಕೆ ಕಂಡಿರಲೇ ಇಲ್ಲ; ಪ್ರವಾಸ ಕಥನಗಳನ್ನು ಓದಿ, ಸಾಲ್ವಟೋರ್ ರೋಸಾನ ಚಿತ್ರಗಳನ್ನು ನೆನೆದು ಬೆಟ್ಟ-ಕಣಿವೆ ಕಟ್ಟಿದಳು.

ಅಪ್ಪ-ಅಮ್ಮ ಇಲ್ಲದ ಎಮಿಲಿ ಸೋದರತ್ತೆಯ ಆಸರೆಯಲ್ಲಿದ್ದಾಳೆ. ಅತ್ತೆ ಮೊಂಟೋನಿ ಎಂಬ ಇಟಾಲಿಯನ್ ಗಂಡಸನ್ನು ಮದುವೆಯಾಗುತ್ತಾಳೆ. ಅವನು ಇಬ್ಬರನ್ನೂ ಅಪೆನೈನ್ ಬೆಟ್ಟಗಳ ನಡುವಿನ ಯುಡಾಲ್ಫೊ ಕೋಟೆಗೆ ಕರೆದೊಯ್ದು ಕೂಡಿಹಾಕುತ್ತಾನೆ. ಅಲ್ಲೊಂದು ಕೋಣೆಯಲ್ಲಿ ಕಪ್ಪು ಪರದೆ ಹೊದಿಸಿದ ಏನೋ ಒಂದು ಇದೆ. ಎಮಿಲಿ ಒಂದು ದಿನ ಧೈರ್ಯ ಮಾಡಿ ಪರದೆ ಎತ್ತುತ್ತಾಳೆ, ನೋಡುತ್ತಾಳೆ, ಎಚ್ಚರ ತಪ್ಪಿ ಬೀಳುತ್ತಾಳೆ. ಏನು ಕಂಡಳೆಂದು ಲೇಖಕಿ ಹೇಳುವುದಿಲ್ಲ. ಓದುಗರು ಇನ್ನೂ ಎರಡು ಸಂಪುಟ ಕಾಯಬೇಕು. ಕೋಟೆಯಲ್ಲಿ ರಾತ್ರಿ ಎಲ್ಲಿಂದಲೋ ಸಂಗೀತ, ಮೊಂಟೋನಿ ಮಾತಾಡುತ್ತಿದ್ದಾಗ ಗೋಡೆಯೊಳಗಿನಿಂದ ಅವನ ಮಾತನ್ನೇ ಮರುನುಡಿಯುವ ದನಿ. ಎಲ್ಲಕ್ಕೂ ಕೊನೆಯಲ್ಲಿ ಲೌಕಿಕ ವಿವರಣೆ ಸಿಗುತ್ತದೆ: ಸಂಗೀತವೂ ದನಿಯೂ ಅಲ್ಲಿ ಸೆರೆಯಾಗಿದ್ದ ಒಬ್ಬ ಫ್ರೆಂಚ್ ಕೈದಿಯದು. ಇನ್ನೊಂದು ಬಂಗಲೆಯಲ್ಲಿ ದೆವ್ವದ ಕೋಣೆ ಎನಿಸಿಕೊಂಡದ್ದು ಕಡಲ್ಗಳ್ಳರು ಮಾಲು ಬಚ್ಚಿಡುವ ಕಳ್ಳದಾರಿ.

ಪರದೆಯ ಹಿಂದಿದ್ದದ್ದು ಮೇಣದ ಬೊಂಬೆ. ಹುಳ ಹಿಡಿದು ಅರೆ ಕೊಳೆತ ಹೆಣದ ರೂಪದಲ್ಲಿ ಮಾಡಿದ್ದು. ಹಿಂದೆ ಆ ಮನೆತನದ ಒಬ್ಬ ಮಾರ್ಕ್ವಿಸ್ ಚರ್ಚಿನ ವಿರುದ್ಧ ಮಾಡಿದ ತಪ್ಪಿಗೆ, ದಿನಕ್ಕಿಷ್ಟು ಹೊತ್ತು ಅದನ್ನು ನೋಡುತ್ತ ಕೂರಬೇಕೆಂಬ ಪ್ರಾಯಶ್ಚಿತ್ತ ವಿಧಿಸಲಾಗಿತ್ತು. ಸರಿ, ಅವನು ಸತ್ತ ಮೇಲಾದರೂ ಯಾಕೆ ಎಸೆಯಲಿಲ್ಲ? ಇಲ್ಲಿದೆ ನೋಡಿ ರ‍್ಯಾಡ್‌ಕ್ಲಿಫಳ ಕೈಚಳಕ. ಬೊಂಬೆಯನ್ನು ವಂಶಸ್ಥರು ಹಾಗೇ ಕಾಪಾಡಬೇಕು, ತಪ್ಪಿದರೆ ಜಮೀನಿನ ಒಂದು ಭಾಗ ಚರ್ಚಿನ ಪಾಲಾಗುತ್ತದೆ ಎಂದು ಅವನು ಉಯಿಲಿನಲ್ಲಿ ಷರತ್ತು ಹಾಕಿಹೋಗಿದ್ದ. ಅರ್ಧ ಯುರೋಪಿನ ಓದುಗರ ಎದೆ ನಡುಗಿಸಿದ ಆ ಪರದೆ ಅಲ್ಲಿ ತೂಗುತ್ತಿದ್ದುದು ಆಸ್ತಿ ಕಳೆದುಕೊಳ್ಳುವ ಭಯಕ್ಕೆ!

ದೆವ್ವಗಳೆಲ್ಲ ಸುಳ್ಳಾದ ಮೇಲೆ ಕಾದಂಬರಿಯಲ್ಲಿ ಸುಳ್ಳಾಗದೆ ಉಳಿಯುವುದು ಮೊಂಟೋನಿ ಒಬ್ಬನೇ. ಅವನಿಗೆ ಬೇಕಿರುವುದು ಹೆಂಡತಿಯ ಹೆಸರಿನಲ್ಲಿ ಫ್ರಾನ್ಸಿನಲ್ಲಿರುವ ಜಮೀನು. ಆಕೆ ಸಹಿ ಹಾಕಲು ಒಪ್ಪುವುದಿಲ್ಲ. ಗೋಪುರದ ಕೋಣೆಯಲ್ಲಿ ಕೂಡಿಹಾಕುತ್ತಾನೆ, ಆಕೆ ಜ್ವರ ಬಂದು ಅಲ್ಲೇ ಸಾಯುತ್ತಾಳೆ. ಆಸ್ತಿ ಎಮಿಲಿಗೆ ಬರುತ್ತದೆ, ಪೀಡನೆಯೂ ಜೊತೆಗೇ. ಬಿಟ್ಟು ಕಳಿಸುತ್ತೇನೆಂಬ ಮಾತು ನಂಬಿ ಎಮಿಲಿ ಕೊನೆಗೆ ಸಹಿ ಹಾಕುತ್ತಾಳೆ. ಅವನು ಕಾಗದ ಜೇಬಿಗಿಳಿಸಿ, ಬಿಡುವುದಿಲ್ಲ ಎನ್ನುತ್ತಾನೆ. ಕೋಟೆಯ ನೆಲಮಾಳಿಗೆಗಳಿಗಿಂತ ಈ ಪುಟ ನನ್ನನ್ನು ಹೆಚ್ಚು ಕಾಡಿದೆ. ಆಗಿನ ಓದುಗರಲ್ಲಿ ಎಷ್ಟೋ ಮಂದಿ ಹೆಂಗಸರು. ಮದುವೆಯಾದ ಹೆಂಗಸು ತನ್ನ ಹೆಸರಲ್ಲಿ ಆಸ್ತಿ ಇಟ್ಟುಕೊಳ್ಳುವ ಪೂರ್ಣ ಹಕ್ಕು ಇಂಗ್ಲೆಂಡಿನಲ್ಲಿ ಸಿಕ್ಕಿದ್ದು 1882ರ ಕಾಯ್ದೆಯಿಂದ. ಅವರಿಗೆ ಮೊಂಟೋನಿಯ ಪರಿಚಯಕ್ಕೆ ಅಪೆನೈನ್ ಬೆಟ್ಟ ಹತ್ತಬೇಕಿರಲಿಲ್ಲ.

ರ‍್ಯಾಡ್‌ಕ್ಲಿಫ್ ತೀರಿಕೊಂಡ ಮೇಲೆ, 1826ರಲ್ಲಿ, ಆಕೆಯ ಒಂದು ಪ್ರಬಂಧ ಪ್ರಕಟವಾಯಿತು. ಎರಡು ಬಗೆಯ ಭಯಗಳನ್ನು ಆಕೆ ಅಲ್ಲಿ ಬೇರೆ ಮಾಡುತ್ತಾಳೆ. ಏನೋ ಇದೆ, ಏನೆಂದು ಗೊತ್ತಿಲ್ಲ ಎಂಬ ಮಸುಕಿನ ಭಯ ಮನಸ್ಸನ್ನು ಹಿಗ್ಗಿಸಿ ಇಂದ್ರಿಯಗಳನ್ನು ಚುರುಕಾಗಿಸುತ್ತದೆ. ಕಣ್ಣೆದುರು ಹೆಣ ಬಿದ್ದಾಗಿನ ಭೀಕರತೆ ಮನಸ್ಸನ್ನು ಕುಗ್ಗಿಸಿ ಮರಗಟ್ಟಿಸುತ್ತದೆ. ಆಕೆಯ ಬೆಂಬಲ ಮೊದಲನೆಯದಕ್ಕೆ. ದೆವ್ವವನ್ನು ಊದಿಸಿ, ಕೊನೆಗೆ ಸೂಜಿ ಚುಚ್ಚುವ ಆಕೆಯ ತಂತ್ರ ನಮಗೂ ಹೊಸದಲ್ಲ. 2004ರ ‘ಆಪ್ತಮಿತ್ರ’ದಲ್ಲಿ ಹಳೆಯ ಅರಮನೆ ಕೊಂಡವರ ಮನೆಗೆ ನಾಗವಲ್ಲಿ ಬಂದಾಗ ವಿಷ್ಣುವರ್ಧನ್ ಮನೋವೈದ್ಯರಾಗಿ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಆದರೂ ಚಿತ್ರಮಂದಿರದಿಂದ ಹೊರಬಂದವರ ತಲೆಯಲ್ಲಿ ವೈದ್ಯರ ವಿವರಣೆಗಿಂತ ಆ ಬೀಗ ಹಾಕಿದ ಕೋಣೆಯೇ ಉಳಿದದ್ದು.

ಜೇನ್ ಆಸ್ಟಿನ್‌ಗೆ ಈ ಹುಚ್ಚೆಲ್ಲ ನಗು ತರಿಸಿತ್ತು. ಆಕೆಯ ‘ನಾರ್ಥ್ಯಾಂಗರ್ ಅಬೆ’ಯ ಕ್ಯಾಥರೀನ್ ‘ಯುಡಾಲ್ಫೊ’ ಓದಿ ತಲೆ ಕೆಡಿಸಿಕೊಂಡ ಹುಡುಗಿ. ಬಿರುಗಾಳಿಯ ರಾತ್ರಿ ಕಪ್ಪು ಬೀರುವಿನ ಮೂಲೆಯಲ್ಲಿ ಆಕೆಗೆ ಒಂದು ಕಾಗದದ ಸುರುಳಿ ಸಿಗುತ್ತದೆ, ಸಿಕ್ಕ ಕೂಡಲೇ ಮೇಣದಬತ್ತಿ ಆರುತ್ತದೆ. ರಾತ್ರಿಯಿಡೀ ನಡುಗಿ, ಬೆಳಕು ಹರಿದಾಗ ಬಿಡಿಸಿ ನೋಡಿದರೆ ಅಗಸರ ಬಟ್ಟೆ ಲೆಕ್ಕ! ಎಲ್ಲರೂ ನೆನೆಯುವುದು ಇಷ್ಟನ್ನೇ. ಮುಂದಿನದು ಇನ್ನೂ ಮೊನಚು. ಹೆಂಡತಿಯನ್ನು ಕೊಂದಿರಬಹುದೆಂದು ಕ್ಯಾಥರೀನ್ ಅನುಮಾನಿಸಿದ ಜನರಲ್ ಟಿಲ್ನಿ ಕೊಲೆಗಾರನೇನಲ್ಲ. ಆದರೆ ಈ ಹುಡುಗಿ ತಾನೆಣಿಸಿದಷ್ಟು ಸಿರಿವಂತೆಯಲ್ಲ ಎಂದು ತಿಳಿದ ಕೂಡಲೇ, ಜೊತೆಗೆ ಆಳನ್ನೂ ಕೊಡದೆ ಅವಳನ್ನು ಮನೆಯಿಂದ ಹೊರಗಟ್ಟುತ್ತಾನೆ. ದೆವ್ವವನ್ನು ಅಳಿಸಿದ ಆಸ್ಟಿನ್, ಆಸ್ತಿಯ ಲೆಕ್ಕಾಚಾರವನ್ನು ಮಾತ್ರ ಹಾಗೇ ಇಟ್ಟಳು.

ನೆತ್ತರಲ್ಲಿ ಸಹಿ

ರ‍್ಯಾಡ್‌ಕ್ಲಿಫ್ ಬೇಡವೆಂದ ಭೀಕರತೆಯನ್ನು ಬಾಚಿ ಸುರಿದವನು ಮ್ಯಾಥ್ಯೂ ಲೂಯಿಸ್. ‘ದಿ ಮಾಂಕ್’ 1796ರಲ್ಲಿ ಬಂದಾಗ ಅವನಿಗೆ ಇಪ್ಪತ್ತು ವರ್ಷ. ಇಲ್ಲಿ ದೆವ್ವ ನಿಜ, ಸೈತಾನ ನಿಜ, ಅತ್ಯಾಚಾರ-ಕೊಲೆ ಎಲ್ಲವೂ ಹಾಡಹಗಲಿನ ಬೆಳಕಿನಲ್ಲಿ. ಇದರ ಭಯ ಬಹುಪಾಲು ಮೈಯದು, ಕಾಮದ್ದು. ಆಸ್ತಿಯ ಸೂತ್ರಕ್ಕೆ ಇದನ್ನು ಪೂರ್ತಿ ಕಟ್ಟಿಹಾಕಲು ನಾನು ಹೋಗುವುದಿಲ್ಲ. ಆದರೂ ನೆತ್ತರು ಸುರಿಸುವ ಸನ್ಯಾಸಿನಿಯ ದೆವ್ವ ರಾತ್ರಿ ಒಂದು ಗಂಟೆಗೆ ರೇಮಂಡನ ಹಾಸಿಗೆಯ ಬಳಿ ಬಂದು ಕೂರುವುದಕ್ಕೆ ಕಾರಣ ಕೇಳಿ: ಅವಳು ಅವನದೇ ವಂಶದವಳು, ತನ್ನ ಮೂಳೆಗಳಿಗೆ ಮನೆತನದ ಸಮಾಧಿಯಲ್ಲಿ ಜಾಗ ಬೇಕೆನ್ನುತ್ತಾಳೆ. ಕೊನೆಯಲ್ಲಿ ಪಾಪಿ ಆಂಬ್ರೋಸಿಯೊ ತನ್ನ ನೆತ್ತರಿನಲ್ಲೇ ಲೇಖನಿ ಅದ್ದಿ ಸೈತಾನನಿಗೆ ಆತ್ಮ ಬರೆದುಕೊಡುತ್ತಾನೆ. ಬರೆದ ಮೇಲೆ ತಿಳಿಯುತ್ತದೆ, ಬಾಗಿಲು ತಟ್ಟುತ್ತಿದ್ದ ಕಾವಲುಗಾರರು ತಂದಿದ್ದದ್ದು ಕ್ಷಮಾದಾನದ ಸುದ್ದಿ ಎಂದು.

ಕಾದಂಬರಿಯಾಚೆಗೆ ಲೂಯಿಸ್‌ಗೂ ಒಂದು ಆಸ್ತಿ ಬಂತು. 1812ರಲ್ಲಿ ಅಪ್ಪ ಸತ್ತಾಗ ಜಮೈಕಾದ ಎರಡು ಕಬ್ಬಿನ ತೋಟಗಳು, ಅವುಗಳಲ್ಲಿ ದುಡಿಯುತ್ತಿದ್ದ ನೂರಾರು ಗುಲಾಮರ ಸಮೇತ, ಅವನ ಹೆಸರಿಗಾದವು. ಆ ತೋಟಗಳ ಕತೆ ಮುಂದುವರಿದದ್ದು ಜಿನೀವಾದಲ್ಲಿ. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರದೆ ಹೋಯಿತಷ್ಟೆ. ಜಿನೀವಾ ಸರೋವರದ ದಂಡೆಯ ವಿಲ್ಲಾ ಡಿಯೊಡಾಟಿಯಲ್ಲಿ ಮಳೆಗೆ ಸಿಕ್ಕಿಕೊಂಡ ಕವಿಗಳಾದ ಬೈರನ್, ಷೆಲ್ಲಿ, ಹದಿನೆಂಟರ ಮೇರಿ, ವೈದ್ಯ ಪಾಲಿಡೋರಿ ಇವರೆಲ್ಲ ದೆವ್ವದ ಕತೆ ಬರೆಯುವ ಪಂದ್ಯ ಕಟ್ಟಿದ್ದು ಹೆಸರುವಾಸಿ. ಅದೇ 1816ರ ಆಗಸ್ಟ್‌ನಲ್ಲಿ ಲೂಯಿಸ್ ಅಲ್ಲಿಗೆ ಬಂದ. ಅವನು ಹೇಳಿದ ದೆವ್ವದ ಕತೆಗಳನ್ನು ಷೆಲ್ಲಿ ದಿನಚರಿಯಲ್ಲಿ ಗುರುತು ಮಾಡಿಕೊಂಡ. ಕತೆಯ ಜೊತೆಗೆ ಲೂಯಿಸ್ ತನ್ನ ಉಯಿಲಿಗೆ ಒಂದು ಅನುಬಂಧವನ್ನೂ ಅದೇ ಮನೆಯಲ್ಲಿ ಬರೆದ: ತೋಟಗಳ ವಾರಸುದಾರರು ಆಗಾಗ ಜಮೈಕಾಕ್ಕೆ ಹೋಗಿ ಮೂರು ತಿಂಗಳು ಇದ್ದು ಗುಲಾಮರನ್ನು ಸರಿಯಾಗಿ ನೋಡಿಕೊಳ್ಳಲಾಗುತ್ತಿದೆಯೇ ಎಂದು ಪರೀಕ್ಷಿಸಬೇಕು. ಸಾಕ್ಷಿ ರುಜು ಹಾಕಿದವರು ಬೈರನ್, ಷೆಲ್ಲಿ, ಪಾಲಿಡೋರಿ. ಬಿಡುಗಡೆಯ ಮಾತು ಮಾತ್ರ ಇಲ್ಲ. ಎರಡೇ ವರ್ಷದಲ್ಲಿ, ಜಮೈಕಾದಿಂದ ಮರಳುವ ಹಡಗಿನಲ್ಲಿ ಜ್ವರಕ್ಕೆ ತುತ್ತಾಗಿ ಲೂಯಿಸ್ ತೀರಿಕೊಂಡ. ಕಡಲಿಗಿಳಿಸಿದ ಶವಪೆಟ್ಟಿಗೆ ಮುಳುಗದೆ, ಹೊದಿಸಿದ ಬಟ್ಟೆಗೆ ಗಾಳಿ ತುಂಬಿ, ಜಮೈಕಾದ ಕಡೆಗೇ ತೇಲಿಹೋಯಿತೆಂಬ ಕತೆ ಇದೆ.

ಆ ಪಂದ್ಯದಿಂದ ಹುಟ್ಟಿದ ಮೇರಿಯ ‘ಫ್ರಾಂಕೆನ್‌ಸ್ಟೈನ್’ 1818ರ ಜನವರಿ 1ರಂದು ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನನಗೆ ಹಿಡಿಸುವುದು ಒಂದು ಚಿಕ್ಕ ಜಾಗ: ಗುಡಿಸಲಿನ ಗೋಡೆಯ ಬಿರುಕಿನಿಂದ ಒಳಗಿನವರ ಪಾಠ ಕದ್ದು ಕೇಳುವ ಆ ಜೀವಿ, ಮನುಷ್ಯರಲ್ಲಿ ವಂಶ ಮತ್ತು ಆಸ್ತಿ ಎಂಬ ಎರಡು ಸಂಗತಿಗಳಿಂದ ಬೆಲೆ ಕಟ್ಟುತ್ತಾರೆಂದು ಕಲಿಯುತ್ತದೆ. ತನಗೆ ಎರಡೂ ಇಲ್ಲವೆಂದು ಅದಕ್ಕೆ ಅಲ್ಲೇ ಹೊಳೆಯುತ್ತದೆ. ಕೊಲೆಗಳು ಶುರುವಾಗುವುದು ಆಮೇಲೆ.

ಅಮೆರಿಕದ ಕತೆಗಾರ ಪೋ ಬೇರೆ ಜಾತಿಯವನು. ಅವನ ಭಯ ತಲೆಯೊಳಗೇ ಹುಟ್ಟಿ ಅಲ್ಲೇ ಸುತ್ತುತ್ತದೆ. ಗೋಥಿಕ್ ಎಂದ ಕೂಡಲೇ ಅದುಮಿಟ್ಟ ಬಯಕೆ, ಸುಪ್ತ ಮನಸ್ಸು ಎಂದು ಫ್ರಾಯ್ಡ್‌ನನ್ನು ಕರೆತರುವ ವಿಮರ್ಶಕರಿಗೆ ಅವನೇ ಸರಿಯಾದ ಜಾಗ. ಮಿಕ್ಕವರ ವಿಷಯದಲ್ಲಿ ಆ ಬೀಗದ ಕೈ ಅಷ್ಟು ಸಲೀಸಾಗಿ ತಿರುಗುವುದಿಲ್ಲ.

ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ (1847) ಅದಕ್ಕೆ ಒಳ್ಳೆಯ ಪುರಾವೆ. ಥಾರ್ನ್‌ಫೀಲ್ಡ್ ಬಂಗಲೆಯ ಮೂರನೇ ಮಹಡಿಯಿಂದ ನಗು ಕೇಳುತ್ತದೆ. ರಾತ್ರಿ ಯಜಮಾನನ ಹಾಸಿಗೆಗೆ ಬೆಂಕಿ ಬೀಳುತ್ತದೆ. ಮದುವೆಯ ಹಿಂದಿನ ದಿನಗಳಲ್ಲಿ ಯಾರೋ ಬಂದು ಜೇನ್‌ಳ ಮುಸುಕನ್ನು ಹರಿದುಹಾಕುತ್ತಾರೆ. ಕನ್ನಡಿಯಲ್ಲಿ ಕಂಡ ಆ ಮುಖ ಆಕೆಗೆ ರಕ್ತಪಿಶಾಚಿಯನ್ನು ನೆನಪಿಸುತ್ತದೆ. ದೆವ್ವವೇ ಸರಿ ಎನ್ನುವಷ್ಟರಲ್ಲಿ ಚರ್ಚಿನಲ್ಲಿ ಒಬ್ಬ ವಕೀಲ ಎದ್ದು ನಿಲ್ಲುತ್ತಾನೆ. ಹೌದು, ವಕೀಲ. ರೋಚೆಸ್ಟರ್‌ಗೆ ಹೆಂಡತಿ ಇದ್ದಾಳೆ, ಬರ್ಥಾ ಮೇಸನ್, ಮಹಡಿಯ ಮೇಲೆ ಬೀಗ ಹಾಕಿಟ್ಟಿದ್ದಾನೆ. ಜಮೈಕಾದ ತೋಟಗಾರನ ಮಗಳು ಅವಳು. ಆಸ್ತಿ ಒಡೆಯಬಾರದೆಂದು ಎಲ್ಲವನ್ನೂ ಹಿರಿಮಗನಿಗೆ ಕೊಟ್ಟ ರೋಚೆಸ್ಟರನ ಅಪ್ಪ, ಕಿರಿಯವನಿಗೆ 30,000 ಪೌಂಡ್ ವರದಕ್ಷಿಣೆಯ ಈ ಸಂಬಂಧ ಕುದುರಿಸಿದ್ದ. ಹಣ ಬಂತು. ಹುಡುಗಿಗೆ ಹುಚ್ಚು ಹಿಡಿಯಿತು, ಅಥವಾ ಹಾಗೆಂದು ಗಂಡ ಹೇಳುತ್ತಾನೆ. ಬರ್ಥಾಳಿಗೆ ಕಾದಂಬರಿಯಲ್ಲಿ ಒಂದು ಮಾತೂ ಇಲ್ಲ. ಅವಳ ಪರವಾಗಿ ಜೀನ್ ರೀಸ್ ‘ವೈಡ್ ಸರ್ಗಾಸೊ ಸೀ’ ಬರೆಯುವುದಕ್ಕೆ 1966 ಬರಬೇಕಾಯಿತು. ಆ ಮನೆಯಲ್ಲಿ ದೆವ್ವವೆನಿಸಿಕೊಂಡು ಓಡಾಡುತ್ತಿದ್ದವಳು ಆ ಮನೆಗೆ ದುಡ್ಡು ತಂದವಳು. ಕೊನೆಗೆ ಮನೆಗೆ ಬೆಂಕಿ ಇಟ್ಟು, ಮಾಡಿನಿಂದ ಹಾರುತ್ತಾಳೆ.

ತಂಗಿ ಎಮಿಲಿಯ ‘ವದರಿಂಗ್ ಹೈಟ್ಸ್’ ಕೂಡ ಅದೇ ವರ್ಷದ್ದು. ಕಿಟಕಿ ಗಾಜಿನಾಚೆಯಿಂದ ಒಳಗೆ ಬಿಡಿರೆಂದು ಗೋಗರೆಯುವ ಹುಡುಗಿಯ ದೆವ್ವ ಎಲ್ಲರಿಗೂ ನೆನಪಿದೆ. ಹೀತ್‌ಕ್ಲಿಫ್ ಅಡಮಾನ, ಮದುವೆ, ಉಯಿಲುಗಳ ಮೂಲಕ ಎರಡು ಮನೆತನಗಳ ಜಮೀನನ್ನು ಹೇಗೆ ನುಂಗಿದನೆಂಬುದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. 1926ರಲ್ಲಿ ಸಿ. ಪಿ. ಸ್ಯಾಂಗರ್ ಎಂಬ ಬ್ಯಾರಿಸ್ಟರ್ ಕೂತು ಲೆಕ್ಕ ಹಾಕಿ, ಆ ಕಾಲದ ಆಸ್ತಿ ಕಾನೂನನ್ನು ಎಮಿಲಿ ಎಷ್ಟು ಕರಾರುವಾಕ್ಕಾಗಿ ಬಳಸಿದ್ದಾಳೆಂದು ತೋರಿಸಿದ.

ಪಿಶಾಚಿಯ ಕ್ರಯಪತ್ರ

ಯುರೋಪಿನ ಹಳ್ಳಿಗಳ ರಕ್ತಪಿಶಾಚಿ ಬಡವ. 1730ರ ದಶಕದ ಆರಂಭದಲ್ಲಿ ಸರ್ಬಿಯಾದ ಹಳ್ಳಿಯೊಂದರಲ್ಲಿ ಸಮಾಧಿ ಅಗೆಸಿ ನೋಡಿ ಆಸ್ಟ್ರಿಯಾದ ಸೇನಾ ವೈದ್ಯರು ಬರೆದ ವರದಿಯಲ್ಲಿರುವುದು ಊದಿಕೊಂಡ, ಕೆಂಪೇರಿದ ರೈತರ ಹೆಣಗಳು. ಅವನಿಗೆ ರೇಷ್ಮೆ ತೊಡಿಸಿ ಲಂಡನ್ನಿನ ದಿವಾನಖಾನೆಗೆ ಕರೆತಂದವನು ಪಾಲಿಡೋರಿ, 1819ರ ‘ದಿ ವ್ಯಾಂಪೈರ್’ ಕತೆಯಲ್ಲಿ. ಲಾರ್ಡ್ ರುತ್ವೆನ್‌ನಿಂದ ಪಿಶಾಚಿಗೆ ಬಿರುದು, ಭೂಮಿ ಎಲ್ಲ ಬಂತು. ಸುಮಾರು ಅರ್ಧ ಶತಮಾನದ ಬಳಿಕ ನಮ್ಮ ಬೇತಾಳನೂ ಇಂಗ್ಲಿಷ್ ಓದುಗರ ಮನೆ ಹೊಕ್ಕ: 1870ರಲ್ಲಿ ರಿಚರ್ಡ್ ಬರ್ಟನ್ ವಿಕ್ರಮ-ಬೇತಾಳ ಕತೆಗಳನ್ನು ರಕ್ತಪಿಶಾಚಿಯ ಕತೆಗಳೆಂದೇ ಹೆಸರಿಟ್ಟು ಪ್ರಕಟಿಸಿದ. ಮರಕ್ಕೆ ಜೋತುಬಿದ್ದ ಹೆಣದಲ್ಲಿ ಕೂತ ನಮ್ಮ ಬೇತಾಳ ರಕ್ತ ಹೀರುವವನಲ್ಲ. ಹುಡುಗಿ ಯಾರಿಗೆ ಸೇರಬೇಕು, ಮಗ ಯಾರ ವಾರಸುದಾರ ಎಂದು ರಾಜನ ಹೆಗಲ ಮೇಲೆ ಕೂತು ವ್ಯಾಜ್ಯ ಹೂಡುವವನು! ಬರ್ಟನ್‌ನನ್ನು ಹತ್ತಿರದಿಂದ ಕಂಡು ಅವನ ಕೋರೆಹಲ್ಲಿನ ಬಗ್ಗೆ ಬರೆದಿಟ್ಟ ಒಬ್ಬ ರಂಗಮಂದಿರದ ಮ್ಯಾನೇಜರ್ ಇದ್ದ. ಹೆಸರು ಬ್ರಾಮ್ ಸ್ಟೋಕರ್.

ಸ್ಟೋಕರ್ ಡಬ್ಲಿನ್ನಿನಲ್ಲಿ ಸರ್ಕಾರಿ ನೌಕರನಾಗಿದ್ದವನು. 1879ರಲ್ಲಿ ಪ್ರಕಟವಾದ ಅವನದೊಂದು ಪುಸ್ತಕ ಐರ್ಲೆಂಡಿನ ಕೆಳಹಂತದ ನ್ಯಾಯಾಲಯಗಳ ಗುಮಾಸ್ತರ ಕರ್ತವ್ಯಗಳ ಕುರಿತದ್ದು. 1890ರಲ್ಲಿ ವಕೀಲಿ ಸನ್ನದೂ ಪಡೆದ, ಕೋರ್ಟಿಗೆ ಹೋಗಲಿಲ್ಲ. ಇಂಥವನ ಕೈಯಿಂದ 1897ರಲ್ಲಿ ‘ಡ್ರಾಕುಲಾ’ ಬಂದಾಗ, ಅದು ಹೇಗಿರಬೇಕೋ ಹಾಗೇ ಇತ್ತು. ಹೊಸದಾಗಿ ಸನ್ನದು ಪಡೆದ ಜೊನಾಥನ್ ಹಾರ್ಕರ್ ಟ್ರಾನ್ಸಿಲ್ವೇನಿಯಾಕ್ಕೆ ಹೋಗುವುದೇ ಲಂಡನ್ ಪಕ್ಕದ ಪರ್ಫ್ಲೀಟ್‌ನಲ್ಲಿ ಒಂದು ಮನೆಯ ಕ್ರಯದ ಕಾಗದ ಪತ್ರ ಮುಗಿಸಲು. ಕೌಂಟ್ ಡ್ರಾಕುಲಾನ ಗ್ರಂಥಭಂಡಾರದಲ್ಲಿ ಮಂತ್ರದ ಪುಸ್ತಕಗಳಿಲ್ಲ. ಲಂಡನ್ ವಿಳಾಸಪುಸ್ತಕ, ರೈಲಿನ ವೇಳಾಪಟ್ಟಿ, ವಕೀಲರ ಪಟ್ಟಿ ಇವೆ. ಒಬ್ಬನೇ ವ್ಯಕ್ತಿ ಇಬ್ಬರು ವಕೀಲರನ್ನು ಇಟ್ಟುಕೊಳ್ಳಬಹುದೇ ಎಂದು ಅವನು ಹಾರ್ಕರ್‌ನನ್ನು ಕೇಳುತ್ತಾನೆ. ಒಂದು ವ್ಯವಹಾರ ಇನ್ನೊಬ್ಬನಿಗೆ ತಿಳಿಯಬಾರದು, ನೋಡಿ.

ತವರಿನ ಮಣ್ಣು ತುಂಬಿದ ಐವತ್ತು ಪೆಟ್ಟಿಗೆಗಳು ಲಂಡನ್ನಿಗೆ ಬರುತ್ತವೆ. ಅವುಗಳಲ್ಲಿ ಮಲಗಿದರಷ್ಟೇ ಅವನಿಗೆ ಉಳಿಗಾಲ. 29 ಪರ್ಫ್ಲೀಟ್‌ನಲ್ಲಿ, ಆರು ಮೈಲ್ ಎಂಡ್‌ನಲ್ಲಿ, ಆರು ಬರ್ಮಂಡ್ಸಿಯಲ್ಲಿ, ಒಂಬತ್ತು ಪಿಕಡಿಲಿಯಲ್ಲಿ. ಎಲ್ಲ ಕಡೆ ಅವನದೇ ಕೊಂಡ ಮನೆಗಳು. ಪಿಕಡಿಲಿಯದಕ್ಕೆ ಸುಳ್ಳು ಹೆಸರಿನಲ್ಲಿ ನಗದು ಎಣಿಸಿದ್ದಾನೆ. ಪಿಶಾಚಿಯ ಬೇಟೆಗಿಳಿದ ವ್ಯಾನ್ ಹೆಲ್ಸಿಂಗ್‌ನ ತಂಡ ಅವನನ್ನು ಪತ್ತೆ ಹಚ್ಚುವುದು ಗಾಡಿಯವರ ಲೆಕ್ಕದ ಪುಸ್ತಕ, ಮನೆ ದಲ್ಲಾಳಿಗಳ ಪತ್ರಗಳ ಜಾಡು ಹಿಡಿದು. ಮನೆಯವರು ಕರೆಯದೆ ರಕ್ತಪಿಶಾಚಿ ಹೊಸಿಲು ದಾಟುವಂತಿಲ್ಲ ಎಂಬುದು ಸ್ಟೋಕರ್ ಹಾಕಿದ ನಿಯಮ. ಅತಿಕ್ರಮ ಪ್ರವೇಶದ ಕಾನೂನನ್ನು ಪಿಶಾಚಿ ಚಾಚೂತಪ್ಪದೆ ಪಾಲಿಸುತ್ತದೆ. ಬೀಗ ಒಡೆಯುವವರು ನಮ್ಮ ನಾಯಕರು! ಹಾಡಹಗಲೇ ತಂಡದ ಲಾರ್ಡ್ ಗೊಡಾಲ್ಮಿಂಗ್ ಬೀಗದವನನ್ನು ಕರೆತಂದು, ತನ್ನದೇ ಮನೆ ಎಂಬಂತೆ ನಿಂತು, ಪಿಕಡಿಲಿ ಮನೆಯ ಬಾಗಿಲು ತೆಗೆಸುತ್ತಾನೆ.

ಒಳಗೆ ಊಟದ ಮೇಜಿನ ಮೇಲೆ ಏನಿದೆ? ಪಿಕಡಿಲಿ ಮನೆಯ ಹಕ್ಕುಪತ್ರಗಳ ದೊಡ್ಡ ಕಟ್ಟು. ಮೈಲ್ ಎಂಡ್, ಬರ್ಮಂಡ್ಸಿ ಮನೆಗಳ ಕ್ರಯಪತ್ರಗಳು. ಪತ್ರ ಬರೆಯುವ ಕಾಗದ, ಲಕೋಟೆ, ಲೇಖನಿ, ಶಾಯಿ. ಬಟ್ಟೆ ಉಜ್ಜುವ ಬ್ರಷ್ಷು, ಬಾಚಣಿಗೆ. ಒಂದು ಬೋಗುಣಿಯಲ್ಲಿ ನೆತ್ತರು ಬೆರೆತಂತೆ ಕೆಂಪಗಾದ ಕೊಳೆನೀರು. ಸ್ವಲ್ಪ ಹೊತ್ತಿಗೆ ಯಜಮಾನ ಮನೆಗೆ ಬರುತ್ತಾನೆ. ಹಾರ್ಕರ್ ಬೀಸಿದ ದೊಡ್ಡ ಚಾಕು ಮೈಗೆ ತಾಗದೆ ಕೋಟನ್ನು ಸೀಳುತ್ತದೆ, ನೋಟಿನ ಕಂತೆಯೂ ಚಿನ್ನದ ನಾಣ್ಯಗಳೂ ಸುರಿಯುತ್ತವೆ. ಶತಮಾನಗಳಿಂದ ಸಾಯದ, ತೋಳ-ಬಾವಲಿಗಳಾಗಬಲ್ಲ ಡ್ರಾಕುಲಾ ಆಗ ಬಗ್ಗಿ ನೆಲದಿಂದ ಒಂದು ಹಿಡಿ ದುಡ್ಡು ಬಾಚಿಕೊಂಡು ಕಿಟಕಿಯಿಂದ ಜಿಗಿಯುತ್ತಾನೆ.

ಸ್ಟೋಕರ್ 1912ರಲ್ಲಿ ತೀರಿಕೊಂಡ. ಡ್ರಾಕುಲಾ ಈಗ ಹೆಂಡತಿ ಫ್ಲಾರೆನ್ಸ್‌ಳ ಪಾಲಿಗೆ ಬಂದ ಸ್ವತ್ತು. 1922ರಲ್ಲಿ ಜರ್ಮನಿಯ ಪ್ರಾಣ ಫಿಲ್ಮ್ ಎಂಬ ಕಂಪನಿ ಹೆಸರುಗಳನ್ನು ಬದಲಿಸಿ, ಹಕ್ಕು ಕೊಳ್ಳದೆ, ಎಫ್. ಡಬ್ಲ್ಯು. ಮುರ್ನಾವ್‌ನ ‘ನೊಸ್‌ಫೆರಾಟು’ ತೆಗೆಯಿತು. ಅದರಲ್ಲೂ ಕೌಂಟ್‌ನ ಬಳಿ ಹೋಗುವವನು ಮನೆ ದಲ್ಲಾಳಿಯ ಕಚೇರಿಯ ನೌಕರನೇ. ಫ್ಲಾರೆನ್ಸ್ ಮೊಕದ್ದಮೆ ಹೂಡಿದಳು. ಕಂಪನಿ ದಿವಾಳಿಯಾಗಿ ಕೈಗೆ ಕಾಸು ಬರುವಂತಿರಲಿಲ್ಲ. ಹಾಗಾದರೆ ಚಿತ್ರವನ್ನೇ ಸುಟ್ಟುಹಾಕಿ ಎಂದು ಪಟ್ಟು ಹಿಡಿದಳು. 1925ರಲ್ಲಿ ಜರ್ಮನ್ ನ್ಯಾಯಾಲಯ ಎಲ್ಲ ಪ್ರತಿಗಳನ್ನೂ ನಾಶಮಾಡಲು ಆದೇಶಿಸಿತು. ಅಷ್ಟರಲ್ಲಿ ಕೆಲವು ಪ್ರತಿಗಳು ಗಡಿ ದಾಟಿದ್ದವು. ಇವತ್ತು ನಾವು ನೋಡುವುದು ಅವುಗಳಿಂದ ಜೋಡಿಸಿದ ಚಿತ್ರವನ್ನು. ಹಾಲಿವುಡ್‌ನ ಯೂನಿವರ್ಸಲ್ ಕಂಪನಿ ಆ ತಪ್ಪು ಮಾಡಲಿಲ್ಲ. ಮೊದಲು ಫ್ಲಾರೆನ್ಸ್‌ಳಿಗೆ ದುಡ್ಡು ಕೊಟ್ಟು ಹಕ್ಕು ಬರೆಸಿಕೊಂಡಿತು, ಆಮೇಲೆ 1931ರಲ್ಲಿ ಬೆಲಾ ಲುಗೋಸಿಗೆ ಕರಿ ನಿಲುವಂಗಿ ತೊಡಿಸಿ ತೆರೆಗೆ ತಂದಿತು.